ಖಾನಾಪುರದ ಅರಿಸಿನದ ಮಡಿ

ಹರಿಹರದ ಸೇತುವೆಯ ಆಚೆ

ನಮ್ಮ ಬೀದಿಯಲ್ಲಿ ವಿದೇಶ ಪ್ರವಾಸ ಮಾಡಿ ಬಂದವರು ಇಬ್ಬರು. ಒಬ್ಬರು ವಕೀಲರು, ಲಂಡನ್ನಿಗೆ ಹೋಗಿದ್ದರು. ಇನ್ನೊಬ್ಬ ನಾನು, ಬೆಳಗಾವಿಗೆ ಹೋಗಿದ್ದೆ. ನಗಬೇಡಿ. ಹುಟ್ಟಿದಂದಿನಿಂದ ಮಹಾರಾಜರ ಸೀಮೆ ಬಿಟ್ಟು ಕದಲದವನಿಗೆ ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟುವುದೇ ಸಮುದ್ರ ದಾಟಿದ ಹಾಗೆ. ಆಚೆ ದಡದಲ್ಲಿ ಬೇರೆ ಸರ್ಕಾರ, ಬೇರೆ ಪೊಲೀಸು, ಬೇರೆ ಬಗೆಯ ರುಮಾಲು. ಮಕ್ಕಳು ಓದುವ ಪಾಠದ ಪುಸ್ತಕವೂ ಬೇರೆ. ನಾನು ಮೇಷ್ಟ್ರಾದ್ದರಿಂದ ಅದನ್ನೂ ವಿಚಾರಿಸಿಕೊಂಡೆ.

ಹದಿನಾಲ್ಕನೆಯ ಇಸವಿಯಲ್ಲಿ ಶುರುವಾದ ದೊಡ್ಡ ಯುದ್ಧ ಮುಗಿದು ಏಳೆಂಟು ವರ್ಷವಾಗಿತ್ತು. ನಾನು ಮೈಸೂರಿನ ಒಂದು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ನನ್ನ ತಮ್ಮ ವಾಸುದೇವ, ಮನೆಯವರಿಗೆಲ್ಲ ವಾಸು, ನನಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವನು. ತಂದೆ ಬೇಗ ಹೋದದ್ದರಿಂದ ಅವನಿಗೆ ಅಕ್ಷರ ತಿದ್ದಿಸಿದವನು ನಾನು, ಕಿವಿ ಹಿಂಡಿದವನೂ ನಾನೇ. ಓದು ಅವನ ತಲೆಗೆ ಹತ್ತಲಿಲ್ಲ. ಹತ್ತಿದ ವಿದ್ಯೆ ಒಂದೇ, ಚಿತ್ರ ಬರೆಯುವುದು. ಬೆಳಗಾವಿಯ ಕ್ಯಾಂಪಿನಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆಗೆ ಚಿಟ್ಟೆಗಳ ಚಿತ್ರ ಬರೆದುಕೊಡುವ ಕೆಲಸ ಸಿಕ್ಕಿತೆಂದು ಅವನು ಹೊರಟು ನಿಂತಾಗ, “ಹುಳು ಹುಪ್ಪಟೆ ಬರೆದು ಹೊಟ್ಟೆ ಹೊರೆಯುತ್ತೀಯೇನೋ?” ಎಂದಿದ್ದೆ. ಎರಡು ವರ್ಷ ನಾನಾಗಿ ಅವನಿಗೆ ಕಾಗದ ಬರೆಯಲಿಲ್ಲ. ಅಮ್ಮ ಹೇಳಿ ಬರೆಸುತ್ತಿದ್ದ ಕಾಗದದ ಕೊನೆಗೆ “ಆಶೀರ್ವಾದ” ಎಂದಷ್ಟೇ ಸೇರಿಸುತ್ತಿದ್ದೆ.

ಶ್ರಾವಣದ ಮೊದಲಿಗೆ ಬೆಳಗಾವಿಯ ಖಾಸಬಾಗದಿಂದ ಕುಲಕರ್ಣಿ ಎಂಬ ಚಿತ್ರದ ಮಾಸ್ತರರ ಕಾಗದ ಬಂತು. ವಾಸುವಿಗೆ ಚಳಿಜ್ವರ ಬಿಟ್ಟು ಬಿಟ್ಟು ಬರುತ್ತಿದೆ, ಮನೆಯವರು ಯಾರಾದರೂ ಬಂದು ಕರೆದುಕೊಂಡು ಹೋಗುವುದು ಒಳ್ಳೆಯದು ಎಂದಿತ್ತು. ಅಮ್ಮ ಬುತ್ತಿ ಕಟ್ಟುತ್ತ, “ಕರಕೊಂಡೇ ಬಾ. ಒಬ್ಬನೇ ಬಂದರೆ ಈ ಹೊಸಿಲು ತುಳಿಯಬೇಡ” ಎಂದಳು. ಹೆಡ್‌ಮೇಷ್ಟ್ರು ಒಂದು ವಾರ ರಜ ಕೊಟ್ಟರು, ಸೋಮವಾರ ಬೆಳಿಗ್ಗೆ ಹಾಜರಿರಬೇಕೆಂದು ಎರಡು ಸಲ ಹೇಳಿದರು.

ಹುಬ್ಬಳ್ಳಿಯಲ್ಲಿ ರೈಲು ಬದಲಿಸುವ ಗಡಿಬಿಡಿಯಲ್ಲಿ ನನ್ನ ಒಂದು ಕಾಲಿನ ಜೋಡು ಹಳಿಯ ಸಂದಿಗೆ ಬಿತ್ತು. ಉಳಿದ ಒಂದನ್ನು ಎಸೆಯಲು ಮನಸ್ಸಾಗದೆ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಡಬ್ಬಿ ಹತ್ತಿದೆ. ಎದುರಿಗೆ ಕೂತ ಗೃಹಸ್ಥರು ನೋಡಿಯೇ ನೋಡಿದರು.

“ಒಂದs ಕಾಲಿಂದು ಯಾಕ ಹಿಡಕೊಂಡೀರಿ?”

“ಇನ್ನೊಂದು ಬಿತ್ತು.”

“ಇದನ್ನೂ ಒಗದಿದ್ರ, ಸಿಕ್ಕಾಂವಗರ ಒಂದು ಜೋಡಿ ಆಗ್ತಿತ್ತಲ್ರಿ!”

ನಮ್ಮ ಕಡೆ ಪರಿಚಯವಿಲ್ಲದವರು ಹೀಗೆ ಮಾತಾಡುವುದಿಲ್ಲ. ಮುಖ ಗಂಟಿಕ್ಕಿಕೊಂಡೆ. ಅವರು ಅದನ್ನು ಲೆಕ್ಕಕ್ಕೇ ಇಡದೆ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಮುಂದೆ ಹಿಡಿದರು. ಮಡಿಯ ನೆಪ ಹೇಳಿ ಬೇಡವೆಂದೆ. ಹಸಿವಾಗಿತ್ತು, ತಿನ್ನಬಹುದಿತ್ತು.

ಲೋಂಡಾ ದಾಟಿದ ಮೇಲೆ ಬೆಳಗಿನ ಹೊತ್ತು ಒಂದು ಸಣ್ಣ ನಿಲ್ದಾಣದಲ್ಲಿ ಗಾಡಿ ನಿಂತಿತು. ಹಲಗೆಯ ಮೇಲೆ ‘ಖಾನಾಪುರ’ ಎಂದಿತ್ತು. ಎರಚಲು ಬಡಿಯುತ್ತಿದೆಯೆಂದು ಕಿಟಕಿ ಎಳೆದುಕೊಂಡು ಕೂತೆ. ವಾಸು ಆ ನಿಲ್ದಾಣದಿಂದ ಅರ್ಧ ಮೈಲಿ ದೂರದಲ್ಲಿ ಜ್ವರದಲ್ಲಿ ಮಲಗಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ಆ ಕಿಟಕಿ ಮುಚ್ಚಿದ್ದೇ ಬಹಳ ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು.

ಬೆಳಗಾವಿ, ಖಾಸಬಾಗ

ಬೆಳಗಾವಿಯಲ್ಲಿ ಟಾಂಗಾದವನು ಮರಾಠಿಯಲ್ಲಿ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ, ಅವನು ಕುದುರೆಗೆ ಮರಾಠಿಯಲ್ಲೂ ನನಗೆ ಕನ್ನಡದಲ್ಲೂ ಬೈದುಕೊಳ್ಳುತ್ತ ಖಾಸಬಾಗಕ್ಕೆ ಮುಟ್ಟಿಸಿದ. ಓಣಿಯ ತುಂಬ ಮಗ್ಗದ ಸದ್ದು. ಕುಲಕರ್ಣಿ ಮಾಸ್ತರರು ಬಾಗಿಲಲ್ಲೇ ನನ್ನ ಬರಿಗಾಲು ನೋಡಿ ಒಳಗಿನಿಂದ ತಮ್ಮ ಹಳೆಯ ಚಪ್ಪಲಿ ತಂದಿಟ್ಟರು.

“ಬರ್ರಿ, ಒಳಗ ಬರ್ರಿ. ಕುಂದರ್ರಿ. ಮೊದಲ ಚಾ ಕುಡೀರಿ, ಆಮ್ಯಾಲ ಮಾತು.”

“ವಾಸು ಎಲ್ಲಿ?”

“ಇಲ್ಲಿ ಎಲ್ಲಿ ಇರ್ತಾನ್ರೀ ಅಂವ? ಖಾನಾಪುರದಾಗ ಅದಾನ. ಅಲ್ಲೇ ಒಬ್ರ ಮನ್ಯಾಗ ಖೋಲಿ ಹಿಡದಾನ. ನೀವು ದಾಟಿ ಬಂದ್ರಿ.”

ಕಾಫಿ ಕೇಳುವ ಧೈರ್ಯ ಬರಲಿಲ್ಲ. ಚಹಾ ಎಂಬ ಆ ಪಾಯಸವನ್ನು ಕುಡಿದೆ. ಮಾಸ್ತರರು ಗೋಡೆಯ ಮಾಡಿನಿಂದ ಒಂದು ದೊಡ್ಡ ಹಾಳೆ ತೆಗೆದು ಚಾಪೆಯ ಮೇಲೆ ಹರಡಿದರು. ಹಾಳೆಯಲ್ಲಿ ಹನ್ನೆರಡು ಚೌಕ ಗೆರೆ ಎಳೆದಿತ್ತು, ಹನ್ನೊಂದರಲ್ಲಿ ಚಿತ್ರವಿತ್ತು. ಅರಿಸಿನದ ಎಲೆ, ಅದರ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆ, ಹುಳು, ಸುರುಳಿ ಸುತ್ತಿದ ಎಲೆ, ಹೀಗೆ. ಎಲೆಯ ನರ ಒಂದೊಂದನ್ನೂ ಎಣಿಸಬಹುದಿತ್ತು. ಕೊನೆಯ ಚೌಕ ಖಾಲಿ.

“ಸತ್ತ ಪಾತರಗಿತ್ತಿ ಸೂಜಿಗೆ ಚುಚ್ಚಿಟ್ಟು ಯಾರರೇ ಬರೀತಾರ್ರಿ,” ಎಂದರು ಮಾಸ್ತರರು. “ಈ ಹುಡುಗ ಒಲ್ಲೆ ಅಂತಾನ. ಅದು ಕೋಶದಿಂದ ಹೊರಗ ಬರೂದನ್ನ ಕಣ್ಣಾರೆ ನೋಡೇ ಬರೀತೀನಿ ಅಂತ ಹಟ. ಅದರ ಸಲುವಾಗಿ ಖಾನಾಪುರದಾಗ ಕುಂತಾನ. ಖರೇ ಹೇಳ್ತೀನಿ, ಇಂಥಾ ಕೈ ನಾ ನೋಡಿಲ್ಲ.”

ಇಪ್ಪತ್ತಾರು ವರ್ಷದಲ್ಲಿ ನನ್ನ ತಮ್ಮನನ್ನು ಯಾರಾದರೂ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೆಮ್ಮೆಯಾಯಿತು. ಅದನ್ನು ತೋರಿಸಿಕೊಳ್ಳದೆ, “ಮುಂದಿನ ಗಾಡಿ ಎಷ್ಟು ಹೊತ್ತಿಗೆ?” ಎಂದು ಕೇಳಿದೆ.

ಖಾನಾಪುರ, ಮೊದಲ ದಿನ

ವಾಸು ಕೋಣೆ ಹಿಡಿದಿದ್ದ ಪಾರೂಬಾಯಿಯ ಮನೆ ಮಲಪ್ರಭೆ ಹೊಳೆಯ ಕಡೆ ಇಳಿಯುವ ದಾರಿಯಲ್ಲಿ. ಅವಳ ಗಂಡ ಬತ್ತದ ಗದ್ದೆಯವನು. ಮನೆಯಲ್ಲಿ ಗಂಡ ಹೆಂಡತಿ ಕನ್ನಡ ಮಾತಾಡುತ್ತಾರೆ, ಬೇಲಿಯಾಚೆಯವರೊಡನೆ ಮರಾಠಿ. ಜಗಳ ಬಂದರೆ ಎರಡನ್ನೂ ಕಲಸುತ್ತಾರೆ. ಹಿತ್ತಲ ಕೋಣೆಯ ಕಿಟಕಿಯ ಕೆಳಗೆ ಕಂಬಳಿ ಹೊದ್ದು ಮಲಗಿದ್ದವನನ್ನು ನೋಡಿ ಮೊದಲು ನನಗೆ ಗುರುತೇ ಹತ್ತಲಿಲ್ಲ. ಕಣ್ಣು ಹಳದಿ, ಕೆನ್ನೆ ಒಳಗೆ ಹೋಗಿತ್ತು.

“ಅಣ್ಣಾ! ಯಾವಾಗ ಬಂದಿ? ಆರಾಮ ಇದ್ದೀಯಿಲ್ಲೋ?”

ಎರಡು ವರ್ಷದಲ್ಲಿ ಮಾತೂ ಆ ಸೀಮೆಯದಾಗಿತ್ತು. ಸರಿಯಾಗಿ ಮಾತಾಡೋ ಎಂದು ಗದರಿದೆ. ಅವನು ನಕ್ಕ, ನಗುವಾಗ ಕೆಮ್ಮಿದ. ಪಕ್ಕದಲ್ಲಿ ಕೂತು ಹಣೆ ಮುಟ್ಟಿದಾಗ ನನಗೆ ಅಳು ಬಂತು. ಅದನ್ನು ನುಂಗಿಕೊಂಡು ಜ್ವರದ ಕೊಯಿನಾ ಗುಳಿಗೆ ಸರಿಯಾಗಿ ತಿಂದೆಯಾ ಎಂದು ಮತ್ತೆ ಗದರಿದೆ.

ಊರಿನ ಡಾಕ್ಟರು ಆ ಮಧ್ಯಾಹ್ನವೇ ಬಂದು ಹೋದರು. ಅವರೆಂದದ್ದು ಇಷ್ಟು: “ಜ್ವರ ಇವತ್ತ ಇಳದೈತ್ರಿ. ಇನ್ನ ಎಂಟು ದಿನ ಅಲುಗಾಡಿಸಬ್ಯಾಡ್ರಿ. ಆಮ್ಯಾಲ ಈ ಕಾಡಿನ ಹವಾ ಬಿಡಿಸಿ ಊರಿಗಿ ಕರಕೊಂಡು ಹೋಗ್ರಿ.” ಇದನ್ನು ನಾನು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ನನ್ನ ಕಿವಿಗೆ ನಾಟಿದ್ದು ಊರಿಗೆ ಕರೆದುಕೊಂಡು ಹೋಗಿ ಎಂಬ ಮಾತು ಮಾತ್ರ.

“ನಾಳೆಯೋ ನಾಡಿದ್ದೋ ಹೊರಡೋಣ,” ಎಂದೆ.

“ನಾಲ್ಕೈದು ದಿನ ತಡಿ, ಅಣ್ಣ. ಅಲ್ಲಿ ನೋಡು.” ಕಿಟಕಿಯ ಹೊರಗೆ ಮೊಣಕಾಲೆತ್ತರದ ಅರಿಸಿನದ ಒಂದು ಮಡಿ. ಕೆಲವು ಎಲೆಗಳು ಕೊಳವೆಯ ಹಾಗೆ ಸುತ್ತಿಕೊಂಡಿದ್ದವು. “ಮೂರು ಸುರುಳಿಯಲ್ಲಿ ಕೋಶ ಇವೆ. ಹೊರಬರೋದಕ್ಕೆ ನಾಲ್ಕೈದು ದಿನ ಅಷ್ಟೆ.”

ಆಮೇಲೆ ಅವನು ಪಾಠ ಹೇಳಿದ, ನಾನು ಕೇಳಿದೆ. ನಮ್ಮಿಬ್ಬರ ಜನ್ಮದಲ್ಲಿ ಹಾಗೆ ಆದದ್ದು ಅದೊಂದೇ ದಿನ. ಈ ಚಿಟ್ಟೆ ಮಿಕ್ಕವುಗಳ ಹಾಗೆ ತೇಲುವುದಿಲ್ಲವಂತೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಚಿಮ್ಮುತ್ತದಂತೆ. ಕಂದು ಬಣ್ಣ, ಹಿಂದಿನ ರೆಕ್ಕೆಯ ಮೇಲೆ ಸುಣ್ಣ ಹಚ್ಚಿದಂಥ ದೊಡ್ಡ ಬಿಳಿ ಮಚ್ಚೆ. ಅರಿಸಿನ, ಶುಂಠಿ, ನಂದಗಡದ ದಾರಿಯ ಕಾಡಿನ ಅಂಚಿನಲ್ಲಿ ಮಳೆಗಾಲಕ್ಕೆ ಏಳುವ ಕಾಡರಿಸಿನ, ಇವೇ ಅದರ ತವರು. ಹೆಣ್ಣು ಒಂದು ಎಲೆಗೆ ಒಂದೇ ಕೆಂಪು ಮೊಟ್ಟೆ ಇಟ್ಟು ಹೋಗುತ್ತದೆ. ಮೊಟ್ಟೆಯೊಡೆದ ಮರಿಹುಳು ಎಲೆಯ ಅಂಚನ್ನು ಎರಡು ಕಡೆ ಕತ್ತರಿಸಿ, ಆ ತುಣುಕನ್ನು ಮಡಿಚಿ, ಬಾಯಿಂದ ಬರುವ ನೂಲಿನಿಂದ ಹೊಲಿದು ಒಳಗೆ ಸೇರಿಕೊಳ್ಳುತ್ತದೆ. ಹಸಿವಾದಾಗ ಹೊರಬಂದು ತಿಂದು ಮತ್ತೆ ಒಳಗೆ. ಮೈ ಬೆಳೆದು ಮನೆ ಸಾಲದಾದಾಗ ಇನ್ನೊಂದು ದೊಡ್ಡದು. ಕೊನೆಗೆ ಇಡೀ ಎಲೆಯನ್ನೇ ಸುತ್ತಿಕೊಳ್ಳುತ್ತದೆ.

“ತಲೆ ಕಪ್ಪು, ಮೈ ಮಾತ್ರ ಎಷ್ಟು ತೆಳುವು ಗೊತ್ತಾ? ತಿಂದ ಹಸಿರು ಹೊರಗಿನಿಂದಲೇ ಕಾಣುತ್ತೆ. ಹಿಕ್ಕೆಯನ್ನು ಮನೆಯೊಳಗೆ ಇಡೋದಿಲ್ಲ, ದೂರ ಸಿಡಿಸಿಬಿಡುತ್ತೆ.”

“ನಿನಗಿಂತ ಶುಚಿ,” ಎಂದೆ. ಅವನ ಕೋಣೆಯ ತುಂಬ ಬಣ್ಣದ ಚಿಂದಿ ಬಿದ್ದಿತ್ತು.

ಜ್ಯೇಷ್ಠದಿಂದ ಎರಡು ಸಲ ಅವನು ಕಾದಿದ್ದ. ಮೊದಲ ಸಲ ಕೋಶದಿಂದ ಚಿಟ್ಟೆಯ ಬದಲು ಸಣ್ಣ ಕಣಜಗಳು ಹೊರಬಂದವು, ತಾಯಿ ಕಣಜ ಹುಳುವಿನ ಮೈಯೊಳಗೇ ಮೊಟ್ಟೆಯಿಟ್ಟಿತ್ತಂತೆ. ಎರಡನೆಯ ಸಲ ಚಿಟ್ಟೆಯೇ ಬಂತು, ಇವನು ಜ್ವರದಲ್ಲಿ ಎಚ್ಚರತಪ್ಪಿ ಮಲಗಿದ್ದ. ಎದ್ದು ನೋಡಿದರೆ ಬರೀ ಸಿಪ್ಪೆ ಉಳಿದಿತ್ತು.

“ಮುಂದಿನ ವರ್ಷ ಬರೆದರಾಯಿತು,” ಎಂದೆ.

“ದೊರೆ ಈ ದಸರೆಗೆ ವಿಲಾಯಿತಿಗೆ ಹೊರಟುಹೋಗ್ತಾರೆ.” ಆಮೇಲೆ ಅವನೇ ಹೇಳಿದ: “ಚಳಿಗಾಲದಲ್ಲಿ ಅರಿಸಿನ ಒಣಗಿಹೋಗುತ್ತಲ್ಲ, ಆಗ ಕಡೆಯ ಹುಳು ಒಣ ಎಲೆಯ ಸುರುಳಿಯೊಳಗೇ ನೆಲಕ್ಕೆ ಬೀಳುತ್ತೆ. ಊಟವಿಲ್ಲ, ನೀರಿಲ್ಲ. ಬೇಸಿಗೆಯೆಲ್ಲ ಹಾಗೇ ಇದ್ದು ಮೊದಲ ಮಳೆ ಬಿದ್ದ ಮೇಲೆ ಕೋಶ ಕಟ್ಟುತ್ತೆ. ಅದು ಅಷ್ಟು ಕಾಯುತ್ತೆ, ನೀನು ನಾಲ್ಕು ದಿನ ಕಾಯಲಾರೆಯಾ, ಅಣ್ಣ?”

ಸೋಮವಾರ ಶಾಲೆ ಇದೆ ಎಂದೆ.

ಖಾನಾಪುರ, ಪಂಚಮಿಯ ಹಿಂದಿನ ದಿನ

ನಾಗಪಂಚಮಿಯ ದಿನ ಆ ಕಡೆಯ ಹೆಂಗಸರು ಏನನ್ನೂ ಹೆಚ್ಚುವುದಿಲ್ಲ, ಒಲೆಯ ಮೇಲೆ ಹಂಚು ಇಡುವುದಿಲ್ಲ, ಗಿಡದಿಂದ ಒಂದೆಲೆ ಕೊಯ್ಯುವುದಿಲ್ಲ. ನಾಗಪ್ಪನಿಗೆ ನೋವಾಗುತ್ತದೆಂದು ನಂಬಿಕೆ. ಆ ದಿನದ ಅಡಿಗೆಯೆಲ್ಲ ಹಬೆಯಲ್ಲೇ ಬೇಯಬೇಕು. ಅರಿಸಿನದ ಎಲೆಗೆ ಅಕ್ಕಿಹಿಟ್ಟು ಬಳಿದು, ಕಾಯಿಬೆಲ್ಲದ ಹೂರಣವಿಟ್ಟು, ಮಡಿಚಿ ಬೇಯಿಸಿದ ಕಡುಬು ಅವರಿಗೆ ಹಬ್ಬದ ಊಟ. ಎಲೆಯನ್ನು ಹಿಂದಿನ ದಿನವೇ ಕೊಯ್ದಿಟ್ಟುಕೊಳ್ಳಬೇಕು.

ಬೆಳಿಗ್ಗೆ ಬಾವಿಯ ಹತ್ತಿರ ಪಾರೂಬಾಯಿ ಬರಿಯ ಬುಟ್ಟಿ ಹಿಡಿದು ನಿಂತಿದ್ದಳು.

“ಬಾಜು ಮನ್ಯಾಗ ಎಲಿ ಕೇಳಾಕ ಹೊಂಟಿದ್ದೆ ನೋಡ್ರಿ, ಅಣ್ಣಾರ. ನಮ್ಮ ಮಡಿ ಮುಟ್ಟಬ್ಯಾಡ ಅಂದಾನ ವಾಸಣ್ಣ. ಆಗಲಿ ಬಿಡಪಾ ಅಂದೀನಿ. ನನಗ ಒಡಹುಟ್ಟಿದಾವ್ರು ಯಾರೂ ಇಲ್ರಿ, ಪಂಚಮಿಗೆ ಅಣ್ಣ ತಮ್ಮ ಅಂತ ಉಣಿಸಾಕ ಈ ವರ್ಷ ಅಂವ ಸಿಕ್ಕಾನ.”

ವಾಸು ಒಳಗೆ ಕೊಯಿನಾ ತಿಂದು ಮಂಪರಿನಲ್ಲಿದ್ದ. ನನ್ನ ತಲೆಯಲ್ಲಿ ಆಗ ಹೊಳೆದದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಅವನನ್ನು ಈ ಊರಿನಲ್ಲಿ ಹಿಡಿದಿಟ್ಟಿರುವುದು ಆ ಮೂರು ಸುರುಳಿ. ಅವು ಇಲ್ಲವಾದರೆ ಹಟವೂ ಇರುವುದಿಲ್ಲ. ಅವನ ಒಳ್ಳೆಯದಕ್ಕೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಹಿರಿಯರು ತಪ್ಪು ಮಾಡುವಾಗೆಲ್ಲ ಹೇಳಿಕೊಳ್ಳುವ ಮಾತು ಅದು.

“ಯಾರ ಮನೆಗೂ ಹೋಗಬೇಡಿ, ತಾಯಿ. ಇಲ್ಲೇ ಕೊಯ್ದುಕೊಳ್ಳಿ. ನಾವು ಹೇಗೂ ನಾಡಿದ್ದು ಹೊರಡುತ್ತೇವೆ.”

“ವಾಸಣ್ಣ ಹೂಂ ಅಂದಾನೇನ್ರಿ?”

“ಅಂದಿದ್ದಾನೆ.”

ಅವಳ ಮುಖ ಅರಳಿತು. ಕುಡುಗೋಲು ತಂದು ಕೂತಳು. “ಸುರುಳಿ ಇದ್ದವು ಹಂಗs ಇರಲಿ. ಹುಳದ ಎಲಿ ಕಡಬಿಗಿ ಬರೂದಿಲ್ರಿ,” ಎಂದಳು.

“ಅವನ್ನೂ ತೆಗೆದುಬಿಡಿ. ಎಮ್ಮೆಗೆ ಹಾಕಿ.”

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ನಾನು ಅವನ ಅಣ್ಣ, ಮೇಲಾಗಿ ಮಾಸ್ತರ. ಕೊಯ್ದಳು. ಎಮ್ಮೆಗೆ ಹಾಕುವ ಮೊದಲು ಸುರುಳಿಗಳನ್ನು ಕೊಡವಿದಾಗ ಬಿಳಿ ಪುಡಿ ಉದುರಿ, ಮೂರು ಕೋಶ ಅಂಗಳಕ್ಕೆ ಬಿದ್ದವು. ಬಿಳಿಚಿಕೊಂಡ ಹಸಿರು, ಕಿರುಬೆರಳ ಅರ್ಧದಷ್ಟು ಉದ್ದ. ಒಂದರ ಸಿಪ್ಪೆಯೊಳಗೆ ರೆಕ್ಕೆ ಮೂಡುವ ಕಡೆ ಆಗಲೇ ಕಪ್ಪಗಾಗಿತ್ತು. ಅದು ಒಮ್ಮೆ ಮಿಸುಕಿತು. ಅವನ್ನು ಕಂಡು ಓಡಿಬರುತ್ತಿದ್ದ ಮನೆಯ ಕೋಳಿ ಇನ್ನೂ ದೂರದಲ್ಲಿತ್ತು. ಬಗ್ಗಿ ಎತ್ತಿಕೊಳ್ಳುವಷ್ಟು ಹೊತ್ತು ನನಗಿತ್ತು. ನಾನು ಎತ್ತಿಕೊಳ್ಳಲಿಲ್ಲ.

ಖಾನಾಪುರ, ಪಂಚಮಿ

ಕಿಟಕಿಯ ಕದ ನಾನೇ ಮುಚ್ಚಿಟ್ಟಿದ್ದೆ, ಥಂಡಿ ಬರುತ್ತದೆಂದು ಹೇಳಿ. ಹನ್ನೊಂದರ ಹೊತ್ತಿಗೆ ಪಾರೂಬಾಯಿ ನಾಗಪ್ಪನಿಗೆ ಹಾಲೆರೆದು ಬಂದು, ವಾಸುವನ್ನು ಗೋಡೆಗೊರಗಿಸಿ ಕೂರಿಸಿ, ಹಣೆಗೆ ಕುಂಕುಮವಿಟ್ಟು, ಬಿಸಿ ಕಡುಬನ್ನು ತಾಟಿನಲ್ಲಿ ತಂದಳು. ಎಲೆಯ ಘಮ ಕೋಣೆಯ ತುಂಬ ಹರಡಿತು.

“ತಿನ್ನಪಾ, ತಮ್ಮಾ. ನಮ್ಮ ಹಿತ್ತಲದ ಎಲಿದs.”

ವಾಸು ಎಲೆ ಬಿಚ್ಚಿದ. ಬೆಂದು ಬಾಡಿದ ಎಲೆಯ ಅಂಚಿನಲ್ಲಿ ಒಂದು ಪುಟ್ಟ ಕಚ್ಚು ಇತ್ತು, ಮರಿಹುಳು ಎರಡು ಕಡೆ ಕತ್ತರಿಸಿ ತುಣುಕು ಮಡಿಚಿದ್ದ ಜಾಗ. ಅವನು ಅದರ ಮೇಲೆ ಬೆರಳಿಟ್ಟ. ಮುಚ್ಚಿದ ಕಿಟಕಿಯ ಕಡೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನು ಬೈಯಲಿ, ತಾಟು ಎಸೆಯಲಿ ಎಂದು ಕಾದೆ. ಅವನ ಹಾಗೆ ಯಾರೂ ನನ್ನನ್ನು ನೋಡಿರಲಿಲ್ಲ, ಕೋಪವೇ ಇರಲಿಲ್ಲ ಆ ನೋಟದಲ್ಲಿ.

ಅವನು ಕಡುಬು ಮುರಿದು ಬಾಯಿಗಿಟ್ಟುಕೊಂಡ. “ಭಾಳ ಛಲೋ ಆಗೈತಿ, ಅಕ್ಕಾ,” ಎಂದ. ಅವಳು ಕಣ್ಣೊರೆಸಿಕೊಂಡಳು, ಸಂತೋಷದಿಂದ. ಅವಳು ಇನ್ನೊಂದು ತರಲು ಹೋದಾಗ ನನ್ನ ಕಡೆ ತಿರುಗದೆಯೇ ಹೇಳಿದ: “ನಾಳೆ ಹೊರಡೋಣ, ಅಣ್ಣ.”

ನನಗೆ ಬೇಕಾಗಿದ್ದದ್ದೂ ಅದೇ ಮಾತು. ಅದನ್ನು ಕೇಳಿ ಎದೆ ಒಡೆದ ಹಾಗಾಯಿತು. ಬೇಡ, ಇನ್ನೆರಡು ವಾರ ಇದ್ದು ಹೋಗೋಣ, ಕಾಡಿಗೆ ಹೋಗಿ ನಾನೇ ಸುರುಳಿ ಹುಡುಕಿ ತರುತ್ತೇನೆ ಎನ್ನಬೇಕೆನಿಸಿತು. ಅನ್ನಲಿಲ್ಲ. ಮೇಷ್ಟ್ರಿಗೆ ತಪ್ಪು ಒಪ್ಪಿಕೊಳ್ಳುವ ಅಭ್ಯಾಸವಿರುವುದಿಲ್ಲ.

ಮರುದಿನ ಪಾರೂಬಾಯಿಯ ಗಂಡ ಚಕ್ಕಡಿಯಲ್ಲಿ ನಿಲ್ದಾಣಕ್ಕೆ ಬಿಟ್ಟ. ವಾಸು ಬಣ್ಣದ ಪೆಟ್ಟಿಗೆಯನ್ನು ಪಾರೂಬಾಯಿಗೆ ಕೊಟ್ಟುಬಂದ. ಅವಳಿಗೆ ಅದರಿಂದ ಏನು ಉಪಯೋಗವೋ ಎಂದು ನಾನು ಕೇಳಿದೆ. ಅಂಥ ಪ್ರಶ್ನೆಗಳು ನನ್ನಲ್ಲಿ ಆಗಲೂ ಮುಗಿದಿರಲಿಲ್ಲ.

ಮೈಸೂರು

ಹುಬ್ಬಳ್ಳಿಯ ನಿಲ್ದಾಣದಲ್ಲಿ ಗಾಡಿಗಾಗಿ ಐದು ಗಂಟೆ ಕಾದೆವು. ಅಲ್ಲೇ ಅವನಿಗೆ ಮತ್ತೆ ಚಳಿ ಹಿಡಿಯಿತು. ನನ್ನ ಧೋತರ, ಶಾಲು, ಅಂಗಿ ಎಲ್ಲ ಹೊದಿಸಿದೆ. ಹಲ್ಲು ಕಡಿಯುವ ಸದ್ದು ನಿಲ್ಲಲಿಲ್ಲ. ಪಕ್ಕದ ಬೆಂಚಿನ ಹೆಂಗಸೊಬ್ಬಳು ತನ್ನ ಕೌದಿಯನ್ನೇ ತಂದು ಹಾಕಿ ಹೋದಳು. ಈ ಸಲ ಬೇಡವೆನ್ನಲಿಲ್ಲ.

ಊರು ಮುಟ್ಟಿದ್ದು ಭಾನುವಾರ ಸಂಜೆ. ಡಾಕ್ಟರು ಬಂದು ನಾಡಿ ನೋಡಿ, ಕಣ್ಣಿನ ರೆಪ್ಪೆ ಎತ್ತಿ ನೋಡಿ, ನನ್ನ ಕಡೆ ತಿರುಗಿದರು. “ಈ ಸ್ಥಿತಿಯಲ್ಲಿ ಇವರನ್ನು ರೈಲಿನಲ್ಲಿ ಎರಡು ದಿನ ತಂದವರು ಯಾರು? ಅಲ್ಲಿ ಯಾರೂ ಬೇಡ ಅನ್ನಲಿಲ್ಲವೇ?” ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಬಾಯಿ ತೆರೆದೆ.

“ನಾನೇ ಹೊರಟೆ, ಡಾಕ್ಟರೇ,” ಎಂದ ವಾಸು, ಕಣ್ಣು ಮುಚ್ಚಿಕೊಂಡೇ. “ಅಣ್ಣ ಇನ್ನೂ ನಾಲ್ಕು ದಿನ ಇರೋಣ ಅಂದ. ಅಮ್ಮನ್ನ ನೋಡಬೇಕು ಅಂತ ನಾನೇ ಹಟ ಮಾಡಿದೆ.”

ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಸೋಮವಾರ ಬೆಳಿಗ್ಗೆ ಸರಿಯಾದ ಹೊತ್ತಿಗೆ ಶಾಲೆಗೆ ಹೋಗಿ ಹಾಜರಿ ಕರೆದೆ. ಒಂಬತ್ತನೆಯ ದಿನ ವಾಸು ಹೋದ. ಆ ಒಂಬತ್ತು ದಿನದಲ್ಲಿ ಅವನು ಒಂದು ಸಲವೂ ಅರಿಸಿನದ ಮಡಿಯ ಮಾತೆತ್ತಲಿಲ್ಲ. ನಾನು ಎರಡು ಸಲ ಶುರುಮಾಡಿದೆ, ಎರಡು ಸಲವೂ “ನೀರು ಕೊಡು, ಅಣ್ಣ” ಎಂದು ತಡೆದ.

ಇದಾಗಿ ಮೂರು ವರ್ಷ. ಮನೆಗೆ ಬಂದವರಿಗೆಲ್ಲ ಅಮ್ಮ ಈಗಲೂ ಹೇಳುತ್ತಾಳೆ: “ದೊಡ್ಡವನು ಬೇಡ ಬೇಡ ಅಂದನಂತೆ. ಅವನು ಕೇಳಬೇಕಲ್ಲ! ಅಷ್ಟು ಜ್ವರದಲ್ಲೂ ನನ್ನ ನೋಡಬೇಕು ಅಂತ ಓಡಿಬಂತು ನನ್ನ ಮಗು.” ಹೇಳುವಾಗ ಅವಳ ಮುಖದಲ್ಲಿ ಒಂದು ಬೆಳಕು ಬರುತ್ತದೆ. ನಾನು ಪಕ್ಕದಲ್ಲೇ ಕೂತು ಕೇಳುತ್ತೇನೆ.

ಅಮ್ಮನಿಗೆ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆದೆ. ಓದಿದವರು ಯಾರಾದರೂ ನಮ್ಮ ಮನೆಗೆ ಬಂದರೆ, ನನಗೆ ಎಷ್ಟು ಬೇಕಾದರೂ ಬೈಯಿರಿ, ಅವಳಿಗೆ ಮಾತ್ರ ಹೇಳಬೇಡಿ.